ಗರುಡನ ಬೆನ್ನಿನ ಕುಣಿಕೆ

ಅದು ಶುರುವಾದದ್ದು ಆಶ್ಲೇಷ ಮಳೆಯ ಕೊನೇ ಪಾದದಲ್ಲಿ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ. ಹೊಗೆಸೊಪ್ಪು ಕಿತ್ತು ಬೇಯಿಸಿ ಒಣಗಿಸುವ ಕಾಲ. ಹಳೇಕೋಟೆಯಲ್ಲಿ ಯಾರ ಕೈ ನೋಡಿದರೂ ಸೊಪ್ಪಿನ ಅಂಟು ಹತ್ತಿ ಕಪ್ಪಾಗಿತ್ತು. ಕಾಳಯ್ಯ ನನ್ನ ಟೈಲರ್ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು, ಬಕೆಟ್ಟಿನ ನೀರಲ್ಲಿ ಕೈ ಉಜ್ಜಿ ಉಜ್ಜಿ ತೊಳೆದು, ಒಳಗೆ ಬಂದು ನೆಟ್ಟಗೆ ನಿಂತ.

"ಅಳತೆ ತಗೊಳ್ಳಿ ಅಯ್ನೋರೆ," ಅಂದ. "ಗಣಪ್ತಿ ಆಟಕ್ಕೆ ಈ ಸಲ ಗರುಡಂದು."

ನಾನು ಕುತ್ತಿಗೆಯಲ್ಲಿದ್ದ ಟೇಪು ತೆಗೆಯಲಿಲ್ಲ. ಎರಡನೇ ಮಿಷನ್ನಿನ ಮುಂದೆ ಕೂತಿದ್ದ ಅವನ ಮಗಳು ಪುಷ್ಪಾವತಿ ತುಳಿಯುವುದು ನಿಲ್ಲಿಸಿದಳು. ಎಸ್ಸೆಸ್ಸೆಲ್ಸಿ ಮುಗಿಸಿ ನನ್ನಲ್ಲಿ ಕೆಲಸ ಕಲಿಯಲು ಬಂದವಳು, ಆಗಲೇ ಆರು ವರ್ಷ ಆಗಿತ್ತು.

"ಯಾರ್ ಹೇಳುದ್ರು?" ಅಂದೆ.

"ಚನ್ನಪ್ಪಗೌಡ್ರೇ ಹೇಳವ್ರೆ. ನಲವತ್ತು ವರ್ಸ ಗೀಜಗ ಆಗಿ ಏಟು ತಿಂದಿದ್ದೀಯ ಕಾಳ, ಈ ವರ್ಸ ನೀನೇ ಗರುಡ ಆಗ್ಬುಡು, ನಮ್ ದಿಲೀಪ ಗೀಜಗ ಆಗ್ತಾನೆ, ಅಂದ್ರು. ಟೀ ಅಂಗ್ಡೀಲಿ, ಎಲ್ರ ಮುಂದೇನೂವೆ."

"ಕುಡಿದಿದ್ರೇನಪ್ಪ?" ಅಂದಳು ಪುಷ್ಪಾವತಿ.

"ಟೀ ಕುಡೀತಿದ್ರು ಕಣವ್ವ."

ಕರಿಗರುಡ ಅಂದರೆ ಪುಸ್ತಕದವನು. ಊರ ಗೌಡರ ಮನೆಯ ಚನ್ನಪ್ಪ ಹಾಸನದ ಹಾಸ್ಟೆಲಿನಲ್ಲಿದ್ದು ಓದುವಾಗ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ತಿಂಗಳಿಗೊಂದು ಚಿತ್ರಕಥೆ ಪುಸ್ತಕ ತರುತ್ತಿದ್ದ. ಕಪ್ಪು ರೆಕ್ಕೆಯಂಥ ನಿಲುವಂಗಿ ಹೊದ್ದು ದುಷ್ಟರನ್ನು ಹಿಡಿಯುವವನು ಕರಿಗರುಡ. ಅವನ ಹಿಂದೆ ಹಳದಿ ಅಂಗಿ ತೊಟ್ಟು ಓಡಾಡುವ ಜೊತೆಗಾರ ಗೀಜಗ. ಪ್ರತಿ ಪುಸ್ತಕದಲ್ಲೂ ಗೀಜಗ ಸಿಕ್ಕಿಹಾಕಿಕೊಳ್ಳುತ್ತಾನೆ, ಏಟು ತಿನ್ನುತ್ತಾನೆ, "ಗರುಡಣ್ಣ, ಬಾ" ಅಂತ ಕೂಗುತ್ತಾನೆ, ಗರುಡ ಬಂದು ಬಿಡಿಸುತ್ತಾನೆ. ಚನ್ನಪ್ಪ ಜಗಲಿಯ ಮೇಲೆ ಕೂತು ಓದುತ್ತಿದ್ದ. ಕಾಳಯ್ಯ ಅವರ ಮನೆಯ ದನ ಕಟ್ಟಿ ಬಂದು ಅಂಗಳದಲ್ಲಿ ಕೂತು ಎದುರಿನಿಂದ ನೋಡುತ್ತಿದ್ದ. ಹಾಗೆ ನೋಡಿ ನೋಡಿ ಅವನಿಗೆ ಅಕ್ಷರ ತಲೆಕೆಳಗಾಗಿಯೇ ಬಂತು. ಇವತ್ತಿಗೂ ಲಗ್ನಪತ್ರಿಕೆ ಕೊಟ್ಟರೆ ತಿರುಗಿಸಿ ಹಿಡಿದು ಓದುತ್ತಾನೆ. ನಾನು ಮೂರನೇ ಕ್ಲಾಸಿಗೇ ಬಿಟ್ಟವನು, ಅದಕ್ಕೆ ನಗುವ ಯೋಗ್ಯತೆ ನನಗಿಲ್ಲ.

ಹನ್ನೊಂದನೇ ಪುಸ್ತಕದಲ್ಲಿ ಗರುಡನಿಗೆ ಜ್ವರ ಬರುತ್ತದೆ. ಗೀಜಗ ಅವನ ನಿಲುವಂಗಿ ಹೊದ್ದು ಹೋಗಿ ಒಬ್ಬನೇ ಊರು ಕಾಯುತ್ತಾನೆ, ಬೆಳಗಾಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಚನ್ನಪ್ಪ ಓದಿ ಎಸೆದ ಮೇಲೆ ಆ ಪುಸ್ತಕವನ್ನು ಕಾಳಯ್ಯ ಎತ್ತಿಕೊಂಡ. ರಟ್ಟು ಹೋಗಿದೆ, ಹೊಲಿಗೆ ನಾನೇ ಹಾಕಿಕೊಟ್ಟಿದ್ದೇನೆ. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಒಂದು ವರ್ಷ ಆ ನಿಲುವಂಗಿ ತನ್ನ ಹೆಗಲ ಮೇಲೆ ಬೀಳಬೇಕು.

ನಮ್ಮೂರಲ್ಲಿ ಗಣಪತಿ ಬಿಡುವ ಐದನೇ ದಿನ ಸಾಯಂಕಾಲ ಈ ಆಟ ಆಡುವುದು ವಾಡಿಕೆಯಾಗಿ ಬಂತು. ಗರುಡ ಯಾವಾಗಲೂ ಗೌಡರ ಮನೆಯವನು. ಅವರಲ್ಲಿ ಮೂರು ಅವತಾರ ಆದವು, ಗೀಜಗ ಮಾತ್ರ ಒಬ್ಬನೇ. ಯಾವ ಗರುಡ ಚೆನ್ನ ಅನ್ನುವ ಜಗಳ ನನ್ನ ಅಂಗಡಿಯ ಬೆಂಚಿನ ಮೇಲೆ ಮುಗಿದದ್ದೇ ಇಲ್ಲ. ಹಳಬರಿಗೆ ಚನ್ನಪ್ಪನೇ ಆಗಬೇಕು. ಮಾತು ಕಡಿಮೆ, ಮೀಸೆ ಸ್ವಂತದ್ದು. ಅವನಾದ ಮೇಲೆ ಅವನ ಭಾಮೈದ ಬಸವರಾಜು ಅರಕಲಗೂಡಿನಿಂದ ಬಂದು ಹನ್ನೆರಡು ವರ್ಷ ವೇಷ ಕಟ್ಟಿದ. ಕಂಠ ಇತ್ತು, ಹಾರುವುದಕ್ಕೆ ಮುಂಚೆ ಒಂದು ಪದ ಹೇಳುತ್ತಿದ್ದ. ಪುಸ್ತಕದ ಗರುಡ ಎಲ್ಲಿ ಹಾಡ್ತಾನೆ ಅಂತ ಕೆಲವರು ಎದ್ದು ಹೋಗುತ್ತಿದ್ದರು, ಹೆಂಗಸರು ಮಾತ್ರ ಎದ್ದು ಹೋಗುತ್ತಿರಲಿಲ್ಲ. ಆಮೇಲೆ ಚನ್ನಪ್ಪನ ಮಗ ದಿಲೀಪ. ಬುಲೆಟ್ಟಿನ ಮೇಲೆ ಬರುತ್ತಿದ್ದ, ಹೊಗೆ ಬಿಡುವ ಯಂತ್ರ ಇಡಿಸುತ್ತಿದ್ದ, ಚನ್ನರಾಯಪಟ್ಟಣದ ಕಾಲೇಜು ಹುಡುಗರು ಮೊಬೈಲಿನಲ್ಲಿ ನೋಡುತ್ತಿದ್ದರು. ಹೋದ ವರ್ಷ ಮಾತ್ರ ಯಾರೋ ಗುಂಪಿನಲ್ಲಿ, "ಗೀಜಗ ಚೆನ್ನಾಗವ್ನೆ ಕಣ್ಲಾ, ಗರುಡ ಗ್ಯಾಸ್ ಸಿಲಿಂಡ್ರು ಇದ್ದಂಗವ್ನೆ," ಅಂದದ್ದು ಅದೇ ಮೊಬೈಲಿನಲ್ಲಿ ಕೇಳಿಸಿತ್ತು. ಅದನ್ನೂ ಎಲ್ಲರೂ ನೋಡಿದರು.

ನನ್ನನ್ನು ಕೇಳಿದರೆ, ನನಗೆ ಇಷ್ಟವಾದದ್ದು ಎರಡನೇ ವರ್ಷದ ಗೀಜಗ. ಹಳೇ ಸ್ಕೂಲಿನ ಬಯಲಿನ ಗೋಣಿಮರದ ಕೊಂಬೆಗೆ ಹಗ್ಗದಲ್ಲಿ ತೂಗುಬಿದ್ದಿದ್ದವನು ಹೊಡೆಯಲು ಬಂದ ಮಕ್ಕಳಿಗೆಲ್ಲ ಕಣ್ಣು ಹೊಡೆದು ನಗಿಸುತ್ತಿದ್ದ.

ಹೊಡೆಯುವುದು ಹೇಗೆ ಬಂತೆಂದರೆ, ಮೊದಲನೇ ವರ್ಷ ದುಷ್ಟನ ಪಾತ್ರದವನು ಹೆಗಲ ಮೇಲಿನ ವಲ್ಲಿಯನ್ನು ಒದ್ದೆ ಮಾಡಿ ಸುರುಳಿ ಸುತ್ತಿ ಮೂರು ಏಟು ಕೊಟ್ಟ. ಮಾರನೇ ವರ್ಷ ಮಕ್ಕಳು ನಾವೂ ಒಂದು ಅಂದರು. ಆ ವರ್ಷ ಹೊಡೆದವರ ಮನೆಗೆ ಚಳಿಜ್ವರ ಬರಲಿಲ್ಲವಂತೆ. ಅಲ್ಲಿಂದ ಮುಂದೆ ಊರಿಗೆ ಊರೇ ಸಾಲು ನಿಲ್ಲುವುದಾಯಿತು. ಕಾಳಯ್ಯ ಬೇಡ ಅನ್ನಲಿಲ್ಲ. ನಾನು ಹಳದಿ ಅಂಗಿಯ ಬೆನ್ನಿಗೆ ಎರಡು ಬೆರಳು ದಪ್ಪ ಹತ್ತಿ ತುಂಬಿ ಹೊಲಿಯುತ್ತಿದ್ದೆ. ಹಗ್ಗ ಸಿಗಿಸುವ ಕುಣಿಕೆಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದೆ. ಸಾಕು ಅನ್ನಿಸಿದಾಗ ಅವನು ಮೂರು ಸಲ ಮೈ ಜಾಡಿಸಿದರೆ ದಾರ ಬಿಟ್ಟು ಕಾಲು ನೆಲಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಗರುಡ ಬಂದು ಹಗ್ಗ ಕತ್ತರಿಸಿದ ಹಾಗೆ ಮಾಡುತ್ತಿದ್ದ. ಇದು ನನಗೆ, ಅವನಿಗೆ, ಆಮೇಲೆ ಪುಷ್ಪಾವತಿಗೆ ಮಾತ್ರ ಗೊತ್ತಿದ್ದದ್ದು.

ಅಳತೆ ತೆಗೆದ ಮೂರನೇ ದಿನ ದಿಲೀಪ ಬಂದ. ಪುಷ್ಪಾವತಿ ಊಟಕ್ಕೆ ಹೋಗಿದ್ದಳು. ಹೊಳೆನರಸೀಪುರದಿಂದ ತಂದ ಕಪ್ಪು ಸ್ಯಾಟಿನ್ ಬಟ್ಟೆಯನ್ನು ಅವನು ಬೆರಳಲ್ಲಿ ಉಜ್ಜಿ ನೋಡಿದ.

"ಈ ಸಲ ಹೊಸ ಅವತಾರ ಅಯ್ನೋರೆ. ಗರುಡನೇ ಸಿಗಾಕ್ಕೋತಾನೆ. ಗೀಜಗ ಬಂದು ಬಿಡುಸ್ಬೇಕು."

"ಕಾಳಯ್ಯಂಗೆ ಗೊತ್ತೇನಪ್ಪ?"

"ಗೊತ್ತಾದ್ರೆ ಏನ್ ಮಜಾ ಬಂತು? ಅವುನ್ನ ಮ್ಯಾಲೆ ಎತ್ತಿ, ಆಮ್ಯಾಕೆ ಹೇಳಾನ. ನೀವೂ ಬಾಯ್ಬಿಡಬ್ಯಾಡಿ."

"ಏಟು?"

"ಏಟಿಲ್ದೆ ಜನ ಬತ್ತಾರಾ?"

"ಅಂಗಾದ್ರೆ ಬೆನ್ನಿಗೆ ಹತ್ತಿ ತುಂಬ್ತೀನಿ."

"ಗರುಡಂಗೆ ಎಲ್ಲಾರಾ ಹತ್ತಿ ತುಂಬ್ತಾರಾ? ಮೈಕಟ್ಟು ಕಾಣ್ಬೇಕು. ಸಿಲಿಂಡ್ರು ಅಂದ್ಬುಟ್ರೆ ಪಾಪ ಅವುನ್ಗೆ ಬೇಜಾರಾಗಲ್ವಾ?" ಅಂದು ನಕ್ಕ. ಮತ್ತೆ ನಗು ನಿಲ್ಲಿಸಿ, "ಬೆನ್ನಿನ ಲೂಪು ಬಿಗಿಯಾಗಿರ್ಲಿ. ಮರಕ್ಕಲ್ಲ, ನಮ್ ಜೆಸಿಬಿ ಹಲ್ಲಿಗೆ ಸಿಗಸ್ತೀವಿ. ಬಿದ್ಗಿದ್ದಾನು," ಅಂದ.

ನನ್ನ ಅಂಗಡಿ ಇರುವುದು ಚನ್ನಪ್ಪನ ಮಳಿಗೆಯಲ್ಲಿ. ಆ ಮಾತನ್ನು ಅವನು ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ನಾನು ಸ್ಯಾಟಿನ್ನನ್ನು ಮಡಿಸಿ ಇಟ್ಟೆ.

ಪುಷ್ಪಾವತಿ ಊಟ ಮುಗಿಸಿ ಬಂದಾಗ ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯ ಸುರುಳಿ ಅವಳ ಮಿಷನ್ನಿನ ಮೇಲಿತ್ತು. ಹೆಗಲು, ಎದೆ, ಕಂಕುಳು ಬಳಸಿ ಬೆನ್ನಲ್ಲಿ ಕೂಡುವ ಹಾಗೆ ಪಟ್ಟಿ ಹೊಲಿದು, ಕೂಡಿದ ಕಡೆ ಕುಣಿಕೆ ಹಾಕು ಅಂದೆ.

"ಗರುಡಂಗ್ಯಾಕೆ ತಾತ ಕುಣಿಕೆ?"

"ಜೆಸಿಬೀಲಿ ಮೇಲಿಂದ ಹಾರಿ ಬತ್ತಾನಂತೆ ಕಣವ್ವ."

ಈ ಮಾತು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ, ಮೊದಲೇ ಹೊಲಿದಿಟ್ಟಿದ್ದ ಹಾಗೆ. ಅವಳ ಮುಖ ಅರಳಿತು. ಅಪ್ಪ ಹಾರುತ್ತಾನೆ ಅಂತ ಮನೆಗೆ ಹೋಗಿ ಹೇಳಿದಳು. ಕಾಳಯ್ಯ ಮಾರನೇ ದಿನ ಬಂದು ನಿಲುವಂಗಿಯನ್ನು ಕೈಯಲ್ಲಿ ಎತ್ತಿ ಹಿಡಿದು, ರೆಕ್ಕೆ ಎಷ್ಟಗಲ ಬರುತ್ತದೆ ಅಂತ ಎರಡು ಸಲ ಕೇಳಿದ.

"ಅರವತ್ತರ ಮ್ಯಾಲೆ ಹಾರಾಕೆ ಹೊಂಟಿದ್ದೀನಿ ಅಯ್ನೋರೆ. ಮರಿಯಮ್ಮ ಬಯ್ತಾಳೆ," ಅಂದ. ಮರಿಯಮ್ಮ ಅವನ ಹೆಂಡತಿ.

ಪುಷ್ಪಾವತಿ ಕುಣಿಕೆಗೆ ನಾಲ್ಕು ಸಾಲು ಹೊಲಿಗೆ ಹಾಕಿ ಎಳೆದು ನೋಡಿದಳು. ಮತ್ತೆ ಮಿಷನ್ನಿಗೆ ಇಟ್ಟಳು.

"ನಾಕು ಸಾಕು ಕಣವ್ವ," ಅಂದೆ.

"ಅಪ್ಪ ಮ್ಯಾಕೆ ಓಯ್ತಾರೆ ತಾತ. ಬಿದ್ರೆ?"

ಎಂಟು ಸಾಲು ಹಾಕಿದಳು, ಮೂರೆಳೆ ದಾರದಲ್ಲಿ. ನಾಕು ಸಾಕು ಅಂದದ್ದೇ ಅವತ್ತು ನನ್ನಿಂದ ಆದ ದೊಡ್ಡ ಧೈರ್ಯ.

ಗಣಪತಿ ಬಿಡುವ ದಿನ ಭಾನುವಾರ. ಐದು ಗಂಟೆಗೆ ಮಳೆ ಬಿಟ್ಟಿತ್ತು. ಹಳೇ ಸ್ಕೂಲಿನ ಬಯಲಲ್ಲಿ ಜನ ತುಂಬಿದ್ದರು. ಚನ್ನಪ್ಪ ಮೈಕು ಹಿಡಿದಿದ್ದ. ದಿಲೀಪ ಹಳದಿ ಅಂಗಿ ತೊಟ್ಟು ಜೆಸಿಬಿ ಡ್ರೈವರಿನ ಪಕ್ಕ ಕಾಲು ಇಳಿಬಿಟ್ಟು ಕೂತಿದ್ದ. ಅವನ ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಇತ್ತು.

ಕಾಳಯ್ಯ ಗೋಣಿಮರದ ಹಿಂದಿನಿಂದ ಬಂದ. ಕಪ್ಪು ನಿಲುವಂಗಿ, ಕಣ್ಣಿಗೆ ಕಪ್ಪು ಪಟ್ಟಿ. ಅವಸರ ಮಾಡಲಿಲ್ಲ. ಬಯಲಿನ ನಡುವೆ ನಿಂತು ಸುತ್ತ ನೋಡಿ, "ಊರು ಮಲಗಲಿ, ನಾನು ಎದ್ದಿದ್ದೇನೆ," ಅಂದ. ಅದು ಪುಸ್ತಕದ ಮಾತು. ಚನ್ನಪ್ಪ ಅದನ್ನು ಗುಡುಗಿದ ಹಾಗೆ ಹೇಳುತ್ತಿದ್ದ, ಬಸವರಾಜು ರಾಗ ಎಳೆಯುತ್ತಿದ್ದ, ದಿಲೀಪ ಬುಲೆಟ್ಟಿನ ಸದ್ದಿನಲ್ಲಿ ನುಂಗಿಬಿಡುತ್ತಿದ್ದ. ಕಾಳಯ್ಯ ಮನೆಯಲ್ಲಿ ಮಗುವಿಗೆ ಹೇಳಿದ ಹಾಗೆ ಹೇಳಿದ. ಗದ್ದಲ ನಿಂತಿತು. ನನ್ನ ಹಿಂದೆ ಇದ್ದ ಯಾರೋ, "ಅರೆ, ಇವನ್ ಕಣ್ಲಾ ಗರುಡ ಅಂದ್ರೆ," ಅಂದರು. ದಿಲೀಪನ ಬಾಯಿ ಕಡಲೆಕಾಯಿ ಅಗಿಯುವುದನ್ನು ನಿಲ್ಲಿಸಿದ್ದು ನನಗೆ ಕಾಣಿಸಿತು.

ಕಾಳಯ್ಯ ಗರುಡನಾಗಿದ್ದದ್ದು ಮೂರು ನಿಮಿಷ.

ಜೆಸಿಬಿ ತೋಳು ಇಳಿಯಿತು. ದುಷ್ಟರ ಪಾತ್ರದ ಇಬ್ಬರು ಹುಡುಗರು ಕುಣಿಕೆ ಹುಡುಕಿದರೆ ಸಿಗಲಿಲ್ಲ. ಕಾಳಯ್ಯ ತಾನೇ ಕೈ ಹಿಂದೆ ತಂದು ನಿಲುವಂಗಿ ಸರಿಸಿ ತೋರಿಸಿದ. ತೋಳು ಎತ್ತಿತು. ಒಂದಾಳು, ಎರಡಾಳು ಎತ್ತರ. ಅವನು ಎರಡೂ ಕೈ ಚಾಚಿ ರೆಕ್ಕೆ ಬಿಚ್ಚಿದ. ಮಕ್ಕಳು ಹೋ ಅಂದರು. ಪುಷ್ಪಾವತಿ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಆಮೇಲೆ ತೋಳು ಇಳಿದು, ಅವನ ಪಾದ ನೆಲಕ್ಕೆ ಎರಡು ಗೇಣು ಇರುವಾಗ ನಿಂತಿತು. ಹುಡುಗರು ಅವನ ಕೈಯನ್ನು ಹಿಂದಕ್ಕೆ ಎಳೆದು ಕಟ್ಟಿದರು.

"ಮಹಾಜನಗಳೇ," ಅಂದ ಚನ್ನಪ್ಪ ಮೈಕಿನಲ್ಲಿ, "ಗರುಡ ಸಿಗಾಕ್ಕೊಂಡ್ಬುಟ್ಟ. ಈ ವರ್ಸ ಬಿಡ್ಸೋನು ಗೀಜಗ. ಗರುಡ ಬಾಯ್ಬಿಟ್ಟು 'ಗೀಜಗಣ್ಣ, ಬಾ' ಅಂತ ಕರುದ್ರೆ ಬತ್ತಾನೆ. ಅಲ್ಲೀಗಂಟ ನಿಮ್ ಏಟು ನೀವು ಕೊಡಿ."

ಕಾಳಯ್ಯ ಮೊದಲು ನಕ್ಕ. ಚನ್ನಪ್ಪನ ಕಡೆ ತಿರುಗಲು ನೋಡಿದ, ತೂಗುಬಿದ್ದವನಿಗೆ ತಿರುಗುವುದಕ್ಕಾಗಲಿಲ್ಲ. ಮೊದಲನೇ ವಲ್ಲಿ ಬಿತ್ತು. ಸ್ಯಾಟಿನ್ನಿನ ಮೇಲೆ ಒದ್ದೆ ಬಟ್ಟೆಯ ಸದ್ದು ಹತ್ತಿಯ ಮೇಲಿನ ಸದ್ದಿನಂತಲ್ಲ. ಅದು ಎಲ್ಲರಿಗೂ ಕೇಳಿಸಿತು. ಒಂದು ಗಳಿಗೆ ಯಾರೂ ಮುಂದೆ ಬರಲಿಲ್ಲ. ಮತ್ತೆ ಸಾಲು ಬಂತು.

"ಏನ್ಲಾ, ಗರುಡ ಮೊಟ್ಟೆ ಇಕ್ಕಾಕೆ ಕುಂತಂಗವ್ನೆ."

"ರೆಕ್ಕೆ ಬಡೀಲಾ, ಆರಿ ಓಗು."

ಜಯಲಕ್ಷ್ಮಮ್ಮ ನಮ್ಮ ಬೀದಿಯ ಹಿರಿಯಳು, ಒಂದು ಇರುವೆಯನ್ನೂ ತುಳಿದವಳಲ್ಲ. ಅವಳೂ ವಲ್ಲಿ ಹಿಡಿದು ಬಂದಳು. "ಬೇಜಾರ್ ಮಾಡ್ಕಬ್ಯಾಡ ಕಣಪ್ಪ ಕಾಳ. ನಮ್ ಮೊಮ್ಮಗೀಗೆ ಪದೇ ಪದೇ ಜರ ಬತ್ತದೆ," ಅಂದು, ಜ್ವರ ಮತ್ತೆ ಬಾರದ ಹಾಗೆ ಬಲವಾಗಿ ಕೊಟ್ಟಳು.

ಅವನು ಕೂಗಲಿಲ್ಲ. ಮೂರು ಸಲ ಮೈ ಜಾಡಿಸಿದ. ಮತ್ತೆ ಮೂರು ಸಲ. ನವಾರು ಕಂಕುಳಿಗೆ ಇನ್ನೂ ಒಳಗೆ ಇಳಿಯಿತೇ ಹೊರತು ದಾರ ಬಿಡಲಿಲ್ಲ. ದಿಲೀಪ ಮೇಲಿನಿಂದ, "ಕರ್ಯಲೇ. ಕರುದ್ರೆ ಬತ್ತೀನಿ," ಅಂದ. ಗರುಡ ಯಾರನ್ನೂ ಕರೆಯುವವನಲ್ಲ. ಕಾಳಯ್ಯ ಹಲ್ಲು ಕಚ್ಚಿಕೊಂಡು, ಜನರ ತಲೆಯ ಮೇಲಿಂದ ಆಚೆ ಎಲ್ಲೋ ನೋಡುತ್ತಿದ್ದ.

ಪುಷ್ಪಾವತಿ ಜನರನ್ನು ತಳ್ಳಿಕೊಂಡು, ಗೋಡೆಗೆ ಒರಗಿದ್ದ ನನ್ನ ಹತ್ತಿರ ಬಂದಳು.

"ತಾತ, ಹಾರಾಕೆ ಅಂದ್ರಲ್ಲ."

"ಅಂಗೇ ಅಂದಿದ್ರು ಕಣವ್ವ," ಅಂದೆ. ಅದು ಎರಡನೇ ಸುಳ್ಳು.

"ಕುಣಿಕೆ ಕಿತ್ಕೊಳಲ್ವಾ?"

ಎಂಟು ಸಾಲು ಹಾಕಿದವಳು ಅವಳೇ. ಅವಳು ಚನ್ನಪ್ಪನ ಹತ್ತಿರ ಓಡಿದಳು, ಅವನು ಮೈಕನ್ನು ಕೈಯಲ್ಲಿ ಮುಚ್ಚಿ, "ನಿಮ್ಮಪ್ಪಂಗೆ ಹೇಳವ್ವ. ಒಂದು ಮಾತು ಕೂಗುದ್ರೆ ಆಯ್ತಲ್ಲ," ಅಂದ. ಅವಳು ಜೆಸಿಬಿಯ ಕೆಳಗೆ ಬಂದು ಅಪ್ಪನ ಪಾದ ಎರಡನ್ನೂ ಹಿಡಿದು, ಭಾರ ತನ್ನ ಮೇಲೆ ಬರುವ ಹಾಗೆ ಮೇಲಕ್ಕೆ ನೂಕಿದಳು. ಕೈ ಸೋತಿತು. ಕಾಳಯ್ಯನ ಬೆರಳುಗಳು ಅಷ್ಟು ಹೊತ್ತಿಗೆ ನೇರಳೆ ಬಣ್ಣ ತಿರುಗಿದ್ದವು.

"ಅಪ್ಪ, ಕರ್ಯಪ್ಪ. ಒಂದ್ಸಲ ಅನ್ನಪ್ಪ."

ಊರಿಗೆ ಊರೇ ಹೊಡೆದು ಆಡಿಸಲಾಗದ ಮಾತನ್ನು ಮಗಳು ಆಡಿಸಿದಳು.

"ಗೀಜಗಣ್ಣ," ಅಂದ ಕಾಳಯ್ಯ.

"ಕೇಳುಸ್ನಿಲ್ಲ," ಅಂದ ದಿಲೀಪ.

"ಗೀಜಗಣ್ಣ, ಬಾ."

"ಇನ್ನೊಂದ್ಸಲ. ಮೊಬೈಲು ಆನ್ ಆಗಿರ್ನಿಲ್ಲ."

ಮೂರನೇ ಸಲ ಅವನು ಜೋರಾಗಿಯೇ ಕೂಗಿದ. ದಿಲೀಪ ಇಳಿದು ಬಂದ. ಕುಡುಗೋಲಿನಲ್ಲಿ ಕುಣಿಕೆ ಕುಯ್ಯಲು ನೋಡಿದರೆ ಆಗಲಿಲ್ಲ, ಅಷ್ಟು ಗಟ್ಟಿ. ಕೊನೆಗೆ ಡ್ರೈವರನೇ ತೋಳು ಪೂರ್ತಿ ಇಳಿಸಿ ಕಳಚಬೇಕಾಯಿತು. ಚಪ್ಪಾಳೆ ಬಿತ್ತು. ಚನ್ನಪ್ಪ ಕಾಳಯ್ಯನ ಹೆಗಲಿಗೆ ಶಾಲು ಹಾಕಿ, ನಲವತ್ತು ವರ್ಷದಲ್ಲಿ ಇಂಥ ಆಟ ಆಗಿರಲಿಲ್ಲ ಅಂದ. ಶಾಲು ಜಾರಿತು. ಹಿಡಿದುಕೊಳ್ಳಲು ಕಾಳಯ್ಯನ ಬಲಗೈ ಏಳಲಿಲ್ಲ.

ಅವತ್ತಿನಿಂದ ಅದು ಎದ್ದಿಲ್ಲ. ಹಾಸನದ ಡಾಕ್ಟರು ಕಂಕುಳಿನ ನರಕ್ಕೆ ಪೆಟ್ಟು ಅಂದರು, ಕಾಯಬೇಕು ಅಂದರು. ಸೋಮವಾರ ಸಾಯಂಕಾಲ ನೋಡಲು ಹೋಗಿದ್ದೆ. ಕವುಚಿ ಮಲಗಿದ್ದ. ಮರಿಯಮ್ಮ ಬೆನ್ನಿಗೆ ಹರಳೆಣ್ಣೆ ಸವರುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಪುಷ್ಪಾವತಿ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಕಾಳಯ್ಯ ಅವಳನ್ನು ಸಮಾಧಾನ ಮಾಡಲು ಅಂದ: "ನೋಡಿ ಅಯ್ನೋರೆ, ನಮ್ ಮಗಳ ಕೆಲ್ಸ. ಒಂದೆಳೆನೂವೆ ಬಿಡ್ನಿಲ್ಲ. ಇಂಥ ಹೊಲಿಗೆ ಈ ತಾಲ್ಲೂಕಲ್ಲಿ ಯಾರ್ ಆಕ್ತಾರೆ?"

ಅವಳು ಇನ್ನೂ ಜೋರಾಗಿ ಅತ್ತಳು. ನಾನು ಟೀ ಕುಡಿದು ಎದ್ದು ಬಂದೆ.

ಆದರೂ ಮಂಗಳವಾರ ಅವಳು ಕೆಲಸಕ್ಕೆ ಬಂದಳು. ಮನೆಯಲ್ಲಿ ದುಡಿಯುವ ಕೈ ಈಗ ಅವಳದೇ. ಬುಧವಾರವೂ ಬಂದಳು. ಅವತ್ತು ಮಧ್ಯಾಹ್ನ ಬೆಂಚಿನ ಮೇಲೆ ದಿಲೀಪ, ಜೊತೆಗೆ ಮೂರ್ನಾಲ್ಕು ಜನ. ಮಾತು ಅದೇ, ಯಾವ ಅವತಾರ ಚೆನ್ನ. ಚನ್ನಪ್ಪನ ಕಡೆಯವರು, ಬಸವರಾಜುವಿನ ಕಡೆಯವರು, ಎಲ್ಲರೂ ಮೊದಲನೇ ಸಲ ಒಂದೇ ಮಾತಾಡಿದರು. ಭಾನುವಾರದ್ದೇ ಎಲ್ಲಕ್ಕಿಂತ ಚೆನ್ನ.

"ಎಲ್ಲಾ ಅಯ್ನೋರ್ ದಯ," ಅಂದ ದಿಲೀಪ ನನ್ನ ಕಡೆ ಕೈ ಮುಗಿದು. "ಹದಿನೈದು ದಿನ ಮುಂಚೇನೇ ಕತೆ ಹೇಳಿದ್ದೆ. ಒಂದ್ ಮಾತು ಆಚೆ ಬಿಡ್ನಿಲ್ಲ ನೋಡಿ. ದೊಡ್ಮನ್ಸ ಅಂದ್ರೆ ಇಂಗಿರ್ಬೇಕು."

ಎರಡನೇ ಮಿಷನ್ನು ನಿಂತಿತು. ಅವರು ಎದ್ದು ಹೋಗುವ ತನಕ ಪುಷ್ಪಾವತಿ ಅಲುಗಲಿಲ್ಲ. ಹೋದ ಮೇಲೆ ಕೇಳಿದಳು.

"ಗೊತ್ತಿತ್ತಾ ತಾತ?"

"ಗೊತ್ತಿತ್ತು."

"ನನ್ ಕೈಲೇ ಹೊಲ್ಸುದ್ರಾ?"

ಕಣ್ಣು ಕಾಣುವುದಿಲ್ಲ, ನವಾರು ಹೊಲಿಯಲು ನನ್ನ ಕೈಯಲ್ಲಿ ಆಗುವುದಿಲ್ಲ, ಅಂಗಡಿ ಅವರದು. ಹೇಳಬಹುದಾದದ್ದು ಇಷ್ಟೂ ಇತ್ತು. ಅವಳು ಕೇಳಿದ್ದು ಅದನ್ನಲ್ಲ.

ಕೈಯಲ್ಲಿದ್ದ ರವಿಕೆಯ ತೋಳು ಅರ್ಧ ಆಗಿತ್ತು. ಅದನ್ನು ಪೂರ್ತಿ ಹೊಲಿದಳು. ದಾರ ಕತ್ತರಿಸಿ, ಮಡಿಸಿ, ಯಾರ ಬಟ್ಟೆ ಅಂತ ಚೀಟಿ ಸಿಗಿಸಿದಳು. ಮಿಷನ್ನಿಗೆ ಎಣ್ಣೆ ಬಿಟ್ಟು ಮುಸುಕು ಹಾಕಿದಳು. ಮೆಟ್ಟಿಲ ಹತ್ತಿರ ಚಪ್ಪಲಿ ಮೆಟ್ಟುವಾಗ, "ನೀವು ಒಂದೇಟು ಕೊಡಬೇಕಾಗಿತ್ತು ಅಯ್ನೋರೆ," ಅಂದಳು. "ಜರ ಬತ್ತಿರ್ನಿಲ್ಲ."

ಆರು ವರ್ಷ ತಾತ ಅನ್ನುತ್ತಿದ್ದವಳು.

ಹಾಸನದ ಗಾರ್ಮೆಂಟ್ಸ್ ಕೆಲಸಕ್ಕೆ ಹೆಂಗಸರನ್ನು ಕರೆದೊಯ್ಯುವ ವ್ಯಾನು ಬೆಳಿಗ್ಗೆ ಆರೂವರೆಗೆ ನಮ್ಮೂರ ಸರ್ಕಲ್ಲಿಗೆ ಬರುತ್ತದೆ. ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಅವಳು ಟಿಫನ್ ಡಬ್ಬಿ ಹಿಡಿದು ಎದುರು ಬದಿಯಲ್ಲಿ ನಡೆದು ಹೋಗಿ ವ್ಯಾನು ಹತ್ತಿದಳು. ಪುಷ್ಪಾವತಿ ಹೋದದ್ದು ಗುರುವಾರ.